ಕಡಲನ್ನು ತೋರುವ ತಂತ್ರಾಂಶ, ಹೂಳೆತ್ತುವ ಬಂಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ಕೊಬ್ಬರಿಯಾಗುವುದು ಬಲು ನಿಧಾನದ ಕೆಲಸ. ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟಕ್ಕೆ ಏರಿಸುತ್ತಾರೆ. ಅಲ್ಲಿ ಅದು ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕೂತಿರುತ್ತದೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಕರಟದಿಂದ ಬಿಟ್ಟುಕೊಳ್ಳುತ್ತದೆ. ಕೊಬ್ಬರಿ ಆಯಿತೋ ಇಲ್ಲವೋ ತಿಳಿಯಲು ಯಾರೂ ಕಾಯಿ ಒಡೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಿಟುಕು ಕರಟಕ್ಕೆ ಬಡಿದು ಲೊಡಲೊಡ ಎಂದರೆ ಆಗಿದೆ ಎಂದರ್ಥ. ಒಡೆಯದೆಯೇ ಒಳಗನ್ನು ತಿಳಿಯುವ ವಿದ್ಯೆ ಇದು.

ಆದರೆ ಆ ಕಾಯಿ ಕಟ್ಟಲು ಬೇಕಾದ ಮಳೆ ಎಲ್ಲಿಂದ ಬರುತ್ತದೋ ಆ ಕಡಲನ್ನು ಕಿವಿಗೆ ಹಿಡಿದು ಅಲ್ಲಾಡಿಸಲು ಬರುವುದಿಲ್ಲ. ಅದರ ಒಳಗನ್ನು ನೋಡಲು ಬೇರೆ ಸಾಧನ ಬೇಕು. ಅಂಥ ಸಾಧನವೊಂದರ ಒಂದು ಭಾಗ ಬೆಂಗಳೂರಿನಲ್ಲಿಯೇ ತಯಾರಾಗಿದೆ. ಅದು ಯಂತ್ರವಲ್ಲ, ಉಪಗ್ರಹವೂ ಅಲ್ಲ. ಬೇರೆಯವರು ಕಟ್ಟಿದ ದೊಡ್ಡದೊಂದು ತಂತ್ರಾಂಶಕ್ಕೆ ಸೇರಿಸಿದ ಚಿಕ್ಕ ತುಂಡು. ಗಣಕದ ಮಾತಿನಲ್ಲಿ ಇದಕ್ಕೆ ಪ್ಲಗಿನ್ ಎನ್ನುತ್ತಾರೆ. ಈ ತುಂಡನ್ನು ಕಟ್ಟುವುದು ಹೇಗೆ ಎಂಬುದು ಕುತೂಹಲದ ಸಂಗತಿ. ಕಟ್ಟಿದ ಮೇಲೆ ಅದನ್ನು ಕಾಪಾಡುವವರು ಯಾರು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಹಸ್ತ, ಚಿತ್ತ ಮತ್ತು ಕೊಲ್ಲಿ

ತುಮಕೂರು ಜಿಲ್ಲೆಯ ಈ ತೆಂಗಿನ ಸೀಮೆ ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿದೆ. ಮಲೆನಾಡಿನಲ್ಲಿ ಆಷಾಢದ ಮಳೆ ಧೋ ಎಂದು ಸುರಿಯುವಾಗ ಇಲ್ಲಿ ಬರೀ ಗಾಳಿ, ಮೋಡ, ತುಂತುರು. ಇಲ್ಲಿನ ಕೆರೆ ತುಂಬಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಉತ್ತರೆ, ಹಸ್ತ, ಚಿತ್ತ ಮಳೆಗಳು ಕೈಹಿಡಿಯಬೇಕು. ಆ ದಿನಗಳಲ್ಲಿ ರೇಡಿಯೋ, ಟಿವಿಯಲ್ಲಿ ಪದೇ ಪದೇ ಕೇಳಿಬರುವ ಮಾತು ಒಂದೇ: 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ'.

ತೆಂಗು ನಿಧಾನದ ಮರ. ಹೊಂಬಾಳೆ ಬಿರಿದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಹೊಂಬಾಳೆ ಗರಿಯ ಬುಡದಲ್ಲಿ ರೂಪುಗೊಳ್ಳಲು ತೊಡಗುವುದು ಅದಕ್ಕೂ ಎಷ್ಟೋ ಮೊದಲು. ಹೀಗಾಗಿ ಒಂದು ವರ್ಷದ ಬರದ ಪೆಟ್ಟು ಮುಂದಿನ ಎರಡು ಮೂರು ವರ್ಷದ ಫಸಲಿನಲ್ಲಿ ಕಾಣುತ್ತದೆ. ರಾಗಿ ಒಣಗಿದರೆ ಮರುವರ್ಷ ಬಿತ್ತಬಹುದು. ತೆಂಗು ಸುಳಿ ಬಾಗಿಸಿದರೆ ಹೊಸ ಸಸಿ ಫಲ ಕೊಡುವಷ್ಟರಲ್ಲಿ ಮನೆಯ ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದಿರುತ್ತದೆ. ಆದ್ದರಿಂದ ಕೊಲ್ಲಿಯ ಸಂಗತಿ ಈ ಸೀಮೆಗೆ ದೂರದ ಸಂಗತಿಯಲ್ಲ.

ಕೊಲ್ಲಿಯಲ್ಲಿ ಮೋಡ ಕಟ್ಟುವುದಕ್ಕೂ ಅದರ ಉಪ್ಪಿಗೂ ಸಂಬಂಧವಿದೆ ಎಂದರೆ ಆಶ್ಚರ್ಯವಾಗಬಹುದು. ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆ, ಕಾವೇರಿ ಎಲ್ಲವೂ ಸಿಹಿನೀರನ್ನು ಸುರಿಯುವುದು ಬಂಗಾಳ ಕೊಲ್ಲಿಗೆ. ಶಿಂಷೆಯ ಮೂಲಕ ಕಾವೇರಿಗೂ, ಸುವರ್ಣಮುಖಿ ಮತ್ತು ವೇದಾವತಿಯ ಮೂಲಕ ಕೃಷ್ಣೆಗೂ ಹರಿಯಬೇಕಾದ ಈ ಸೀಮೆಯ ನೀರಿನ ದಾರಿಯೂ ಅತ್ತ ಕಡೆಗೇ. ಸಿಹಿನೀರು ಹಗುರ. ಅದು ಉಪ್ಪುನೀರಿನ ಮೇಲೆ ತೆಳ್ಳಗೆ ಹರಡಿ ಮುಚ್ಚಳದಂತೆ ಕೂರುತ್ತದೆ. ಈ ತೆಳು ಪದರ ಬಿಸಿಲಿಗೆ ಬೇಗ ಕಾಯುತ್ತದೆ. ಕೆಳಗಿನ ತಣ್ಣನೆಯ ನೀರು ಸುಲಭವಾಗಿ ಮೇಲೆ ಬಂದು ಬೆರೆಯಲಾರದು. ಹಾಗಾಗಿ ಕೊಲ್ಲಿಯ ಮೇಲ್ಮೈ ಬೆಚ್ಚಗೇ ಉಳಿದು ಮೋಡಗಳಿಗೆ ಆವಿ ಒದಗಿಸುತ್ತದೆ.

ಇಷ್ಟು ಸಿಹಿನೀರು ಬಿದ್ದರೂ ಕೊಲ್ಲಿ ಏಕೆ ಸಪ್ಪೆಯಾಗುವುದಿಲ್ಲ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಾಗರ ವಿಜ್ಞಾನಿ ಪಿ.ಎನ್. ವಿನಯಚಂದ್ರನ್ ಮತ್ತು ಅವರ ಸಂಗಡಿಗರು 2013ರಲ್ಲಿ ಇದಕ್ಕೆ ಒಂದು ಉತ್ತರ ಮುಂದಿಟ್ಟರು. ಮುಂಗಾರಿನ ಕಾಲದಲ್ಲಿ ಅರಬ್ಬಿ ಸಮುದ್ರದ ಹೆಚ್ಚು ಉಪ್ಪಿನ ನೀರು ಶ್ರೀಲಂಕಾವನ್ನು ಬಳಸಿಕೊಂಡು ಕೊಲ್ಲಿಯೊಳಕ್ಕೆ ನುಗ್ಗುತ್ತದೆ. ಭಾರವಾದ ಆ ನೀರು ಸಿಹಿ ಪದರದ ಕೆಳಗೆ ಇಳಿದು ಸಾಗುತ್ತದೆ. ಕೆಲವು ಜಾಗಗಳಲ್ಲಿ ಮತ್ತೆ ಮೇಲಕ್ಕೆದ್ದು ಬೆರೆಯುತ್ತದೆ. ಇದನ್ನು ಅವರು ಒಂದು ಪಂಪಿಗೆ ಹೋಲಿಸಿದರು. 2016ರ ಜೂನ್, ಜುಲೈನಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು 'ಸಿಂಧು ಸಾಧನಾ' ಎಂಬ ಹಡಗಿನಲ್ಲಿ ಕೊಲ್ಲಿಗೆ ಹೋಗಿ ಅಳತೆಗಳನ್ನು ತಂದರು. ಈ ಉಪ್ಪುನೀರಿನ ನಾಲಿಗೆ ಯಾವ ದಿನ, ಎಷ್ಟು ಆಳದಲ್ಲಿ, ಎಲ್ಲಿಯವರೆಗೆ ಚಾಚಿತ್ತು ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಬೇಕಾಯಿತು. ಗಣಕದ ಕೆಲಸ ಶುರುವಾಗುವುದು ಇಲ್ಲಿಂದ.

ಅಂಕಿಯ ರಾಶಿ, ಚಿತ್ರದ ಕಿಟಕಿ

ಹಡಗು ಅಳೆಯುವುದು ತಾನಿರುವ ಜಾಗವನ್ನು ಮಾತ್ರ. ಇಡೀ ಕೊಲ್ಲಿಯ ಸ್ಥಿತಿಯನ್ನು ಊಹಿಸಲು ವಿಜ್ಞಾನಿಗಳು ಗಣಕ ಮಾದರಿಗಳನ್ನು ಬಳಸುತ್ತಾರೆ. ಕಡಲನ್ನು ಸಣ್ಣ ಸಣ್ಣ ಚೌಕಗಳಾಗಿ, ಪದರಗಳಾಗಿ ಸೀಳಿ, ಪ್ರತಿ ತುಂಡಿಗೂ ಉಷ್ಣತೆ, ಉಪ್ಪು, ನೀರಿನ ಓಟ ಇಷ್ಟನ್ನು ಲೆಕ್ಕ ಹಾಕುತ್ತಾರೆ. ಒಂದು ಡಿಗ್ರಿಯನ್ನು 12 ಪಾಲು ಮಾಡಿ, ಆಳವನ್ನು 50 ಪದರ ಮಾಡುವ ಅಂಕಿ ಅಂಶಗಳು ಈಗ ಬಳಕೆಯಲ್ಲಿವೆ. ಉದ್ದಗಲ 20 ಡಿಗ್ರಿಯ ಒಂದು ಕಡಲ ತುಂಡನ್ನು ಹೀಗೆ ಸೀಳಿದರೆ 28 ಲಕ್ಷದ 80 ಸಾವಿರ ಬಿಂದುಗಳಾಗುತ್ತವೆ. ಪ್ರತಿ ಬಿಂದುವಿಗೆ ದಿನಕ್ಕೆ ನಾಲ್ಕು ಅಂಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ ಎಂದುಕೊಂಡರೆ ಒಟ್ಟು 140 ಕೋಟಿಗೂ ಮೇಲೆ. ಇಷ್ಟನ್ನು ಕೋಷ್ಟಕ ಮಾಡಿ ಓದುವುದು ಮನುಷ್ಯರಿಂದ ಆಗುವ ಕೆಲಸವಲ್ಲ. ಬಣ್ಣವಾಗಿ, ಆಕಾರವಾಗಿ, ಚಲನೆಯಾಗಿ ತೋರಿಸಿದರೆ ಮಾತ್ರ ಕಣ್ಣು ಅದನ್ನು ಹಿಡಿಯಬಲ್ಲದು. ವೈಜ್ಞಾನಿಕ ದೃಶ್ಯೀಕರಣವೆಂದರೆ ಇದೇ.

ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಪ್ಯಾರಾವ್ಯೂ ಒಂದು. ಅದರ ಬೇರು ವಿಟಿಕೆ ಎಂಬ ಇನ್ನೊಂದು ತಂತ್ರಾಂಶದಲ್ಲಿದೆ. 1993ರಲ್ಲಿ ಅಮೆರಿಕದ ವಿಲ್ ಶ್ರೋಡರ್, ಕೆನ್ ಮಾರ್ಟಿನ್, ಬಿಲ್ ಲೊರೆನ್ಸನ್ ಎಂಬ ಮೂವರು ತಾವು ಬರೆಯುತ್ತಿದ್ದ ಪುಸ್ತಕದ ಜೊತೆಗೆಂದು ವಿಟಿಕೆಯನ್ನು ಆರಂಭಿಸಿದರು. 1998ರಲ್ಲಿ ಕಿಟ್‌ವೇರ್ ಎಂಬ ಕಂಪೆನಿ ಹುಟ್ಟಿತು. 2000ದಲ್ಲಿ ಅದು ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದೊಡನೆ ಸೇರಿ ಪ್ಯಾರಾವ್ಯೂ ಕೆಲಸ ಹಿಡಿಯಿತು. 2002ರಲ್ಲಿ ಅದು ಸಾರ್ವಜನಿಕರ ಕೈಗೆ ಬಂತು. ನಮ್ಮ ದೇಶವೂ ಈ ಕ್ಷೇತ್ರದಲ್ಲಿ ಹಿಂದುಳಿದಿರಲಿಲ್ಲ. ಪ್ರಭು ರಾಮಚಂದ್ರನ್ ಎಂಬ ವೈಮಾನಿಕ ಶಾಸ್ತ್ರಜ್ಞರು ಅದೇ ವಿಟಿಕೆಯ ಮೇಲೆ ಕಟ್ಟಿದ ಮಾಯಾವಿ ಎಂಬ ತಂತ್ರಾಂಶ 2001ರಷ್ಟು ಹಿಂದೆಯೇ ಬೆಳಕಿಗೆ ಬಂದು ಹೊರದೇಶಗಳಲ್ಲೂ ಹೆಸರು ಪಡೆಯಿತು.

ಇವೆಲ್ಲ ಮುಕ್ತ ತಂತ್ರಾಂಶಗಳು. ಎಂದರೆ ಬಳಸಲು ಹಣ ಕೊಡಬೇಕಿಲ್ಲ ಎಂಬುದಷ್ಟೇ ಅಲ್ಲ. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು. ಬೀಗ ಹಾಕಿದ ಪೆಟ್ಟಿಗೆಯಂತೆ ಬರುವ ತಂತ್ರಾಂಶದಲ್ಲಿ ಲೆಕ್ಕ ಹೇಗೆ ನಡೆಯಿತು ಎಂದು ಕೇಳುವಂತಿಲ್ಲ. ವಿಜ್ಞಾನದಲ್ಲಿ ಆ ಪ್ರಶ್ನೆ ಕೇಳಲೇಬೇಕು. ಆದ್ದರಿಂದ ಮುಕ್ತ ತಂತ್ರಾಂಶ ವಿಜ್ಞಾನಿಗೆ ಕೇವಲ ಅಗ್ಗದ ಸರಕಲ್ಲ.

ಮಂಡಿಯ ಸಾಲಿನಲ್ಲಿ ಇನ್ನೊಬ್ಬ ಆಳು

ಪ್ಯಾರಾವ್ಯೂ ಒಳಗೆ ಕೆಲಸ ನಡೆಯುವ ರೀತಿ ತಿಪಟೂರಿನವರಿಗೆ ಹೊಸದೆನಿಸದು. ಅಟ್ಟದಿಂದ ಇಳಿದ ಕಾಯಿಯನ್ನು ಒಬ್ಬರು ಸುಲಿಯುತ್ತಾರೆ. ಇನ್ನೊಬ್ಬರು ಕರಟ ಒಡೆದು ಗಿಟುಕನ್ನು ಮುಕ್ಕಾಗದಂತೆ ತೆಗೆಯುತ್ತಾರೆ. ಮತ್ತೊಬ್ಬರು ಗಾತ್ರ, ಬಣ್ಣ ನೋಡಿ ವಿಂಗಡಿಸುತ್ತಾರೆ. ಕೊನೆಯವರು ಚೀಲಕ್ಕೆ ತುಂಬಿ ತೂಕ ಹಾಕುತ್ತಾರೆ. ಪ್ರತಿಯೊಬ್ಬರೂ ಹಿಂದಿನವರಿಂದ ಪಡೆದು, ತಮ್ಮ ಕೆಲಸ ಮಾಡಿ, ಮುಂದಿನವರಿಗೆ ದಾಟಿಸುತ್ತಾರೆ. ಪ್ಯಾರಾವ್ಯೂ ಕೂಡ ಹೀಗೆಯೇ. ಒಂದು ಘಟಕ ಕಡತವನ್ನು ಓದುತ್ತದೆ. ಇನ್ನೊಂದು ಬೇಕಾದ ಭಾಗವನ್ನು ಸೋಸುತ್ತದೆ. ಇದಕ್ಕೆ ಫಿಲ್ಟರ್ ಎಂದೇ ಹೆಸರು. ಮತ್ತೊಂದು ಅದಕ್ಕೆ ಬಣ್ಣ ಕೊಟ್ಟು ಪರದೆಗೆ ತರುತ್ತದೆ.

ಪ್ಲಗಿನ್ ಎಂದರೆ ಈ ಸಾಲಿನಲ್ಲಿ ಹೊಸದಾಗಿ ನಿಲ್ಲಿಸಿದ ಇನ್ನೊಬ್ಬ ಆಳು. ಹಳೆಯ ಸಾಲನ್ನು ಕೆಡಿಸಬೇಕಿಲ್ಲ, ಮಂಡಿಯನ್ನೇ ಹೊಸದಾಗಿ ಕಟ್ಟಬೇಕಿಲ್ಲ. ಬಂದವನು ಮೂರು ವಿಷಯ ತಿಳಿಸಿದರೆ ಸಾಕು: ತಾನು ಎಂಥ ಸರಕನ್ನು ತೆಗೆದುಕೊಳ್ಳುತ್ತೇನೆ, ಬಳಸುವವರು ತನ್ನಲ್ಲಿ ಏನೇನು ಹೆಚ್ಚು ಕಡಿಮೆ ಮಾಡಬಹುದು, ತಾನು ಮುಂದಿನವರಿಗೆ ಎಂಥ ಸರಕನ್ನು ಕೊಡುತ್ತೇನೆ. ಈ ಮೂರನ್ನೂ ಪ್ಯಾರಾವ್ಯೂ ಒಪ್ಪುವ ಭಾಷೆಯಲ್ಲಿ ಬರೆದರೆ, ಅದರ ಪಟ್ಟಿಯಲ್ಲಿ ಹೊಸ ಫಿಲ್ಟರ್ ಮೂಡುತ್ತದೆ. ಬಳಸುವವರಿಗೆ ಅದು ಮೂಲ ತಂತ್ರಾಂಶದ್ದೇ ಭಾಗವೆನ್ನಿಸುತ್ತದೆ.

ಹಿಂದೆ ಇಂಥ ಪ್ಲಗಿನ್ನುಗಳನ್ನು ಸಿ ಪ್ಲಸ್ ಪ್ಲಸ್ ಎಂಬ ಗಣಕ ಭಾಷೆಯಲ್ಲಿ ಬರೆಯುವುದೇ ವಾಡಿಕೆಯಾಗಿತ್ತು. ಅದು ವೇಗದ ಭಾಷೆ, ಆದರೆ ಕಲಿಯಲು ಕಷ್ಟ. ಮೇಲಾಗಿ, ಯಾವ ಆವೃತ್ತಿಯ ಪ್ಯಾರಾವ್ಯೂಗೆ ಹೊಂದಿಸಿದ್ದಾರೋ ಅದಕ್ಕೆ ಮಾತ್ರ ಅದು ಕೂರುತ್ತದೆ. 2018ರ ಹೊತ್ತಿಗೆ ಬಂದ ಆವೃತ್ತಿ, ಪೈಥಾನ್ ಎಂಬ ಸರಳ ಭಾಷೆಯಲ್ಲಿಯೇ ಪ್ಲಗಿನ್ ಬರೆಯುವ ದಾರಿಯನ್ನು ಸುಗಮಗೊಳಿಸಿತು. ಗಣಕ ವಿಜ್ಞಾನಿಗಳಲ್ಲದ ಭೂಗೋಳ, ಹವಾಮಾನ, ಸಾಗರ ವಿಜ್ಞಾನದವರಿಗೂ ಇದರಿಂದ ಬಾಗಿಲು ತೆರೆಯಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜಯ್ ನಟರಾಜನ್ ಅವರ ತಂಡ, ವಿನಯಚಂದ್ರನ್ ಅವರೊಡನೆ ಮತ್ತು ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದ ಇಂಗ್ರಿಡ್ ಹಾಟ್ಜ್ ಅವರೊಡನೆ ಸೇರಿ ರೂಪಿಸಿದ ಪೈಪ್ಯಾರಾಓಷನ್ ಇಂಥದೊಂದು ಪ್ಲಗಿನ್. 2023ರಲ್ಲಿ ಅದರ ವಿವರ ಪ್ರಕಟವಾಯಿತು. ಕಡಲಿನ ಅಂಕಿಗಳನ್ನು ಓದುವುದು, ಬೇಕಾದ ಜಾಗದಲ್ಲಿ ಆಳಕ್ಕೆ ತಕ್ಕಂತೆ ಉಪ್ಪು, ಉಷ್ಣತೆ ಹೇಗೆ ಬದಲಾಗಿದೆ ಎಂದು ತೋರಿಸುವುದು, ನೀರಿನ ಓಟವನ್ನು ಗೆರೆಗಳಾಗಿ ಎಳೆಯುವುದು, ಸುಳಿಗಳನ್ನು ಹುಡುಕುವುದು, ಉಪ್ಪುನೀರಿನ ಮುಂಚೂಣಿಯನ್ನು ಹಿಂಬಾಲಿಸುವುದು ಇದರ ಕೆಲಸಗಳು. ಬಂಗಾಳ ಕೊಲ್ಲಿಯನ್ನೇ ಅವರು ಉದಾಹರಣೆಯಾಗಿ ತೆಗೆದುಕೊಂಡರು.

ಉಪ್ಪುನೀರನ್ನು ಹಿಂಬಾಲಿಸುವ ಉಪಾಯ ಸ್ವಾರಸ್ಯವಾಗಿದೆ. ಒಂದು ಸಾವಿರ ಪಾಲಿಗೆ 35 ಪಾಲು ಅಥವಾ ಹೆಚ್ಚು ಉಪ್ಪಿರುವ ನೀರನ್ನು ಮಾತ್ರ ಮೊದಲು ಬೇರ್ಪಡಿಸುತ್ತಾರೆ. ಉಳಿದ ಕಡಲು ಪಾರದರ್ಶಕವಾಗುತ್ತದೆ, ಈ ನೀರು ಮಾತ್ರ ಒಂದು ಗಟ್ಟಿ ಆಕಾರವಾಗಿ ಕಾಣುತ್ತದೆ. ಆ ಆಕಾರದ ಮುಂಭಾಗ ಇವತ್ತು ಎಲ್ಲಿತ್ತು, ನಾಳೆ ಎಲ್ಲಿಗೆ ಹೋಯಿತು, ಎಲ್ಲಿ ಎರಡಾಗಿ ಒಡೆಯಿತು, ಎಲ್ಲಿ ಮತ್ತೆ ಕೂಡಿತು ಎಂಬುದನ್ನು ದಿನದಿನಕ್ಕೆ ಗಂಟುಹಾಕುತ್ತಾ ಹೋದರೆ ಕೊನೆಗೆ ಒಂದು ವಂಶವೃಕ್ಷದಂಥ ನಕ್ಷೆ ಸಿಗುತ್ತದೆ. ಶ್ರೀಲಂಕಾದ ಮಗ್ಗುಲಿನಿಂದ ಹೊರಟ ನೀರು ಕೊಲ್ಲಿಯಲ್ಲಿ ಯಾವ ದಾರಿ ಹಿಡಿಯಿತೆಂಬುದು ಹೀಗೆ ತಿಳಿಯುತ್ತದೆ.

ಈ ಚಿತ್ರಗಳಿಂದ ನಾಳೆ ತುರುವೇಕೆರೆಯಲ್ಲಿ ಮಳೆ ಬರುವುದೋ ಇಲ್ಲವೋ ಹೇಳಲು ಆಗದು. ಹವಾಮಾನ ಮುನ್ಸೂಚನೆಯೇ ಬೇರೆ ಕೆಲಸ. ಆದರೆ ಮುನ್ಸೂಚನೆಯ ಮಾದರಿಗಳು ಕಡಲನ್ನು ಎಷ್ಟು ಸರಿಯಾಗಿ ಅರ್ಥ ಮಾಡಿಕೊಂಡಿವೆ ಎಂದು ಪರೀಕ್ಷಿಸಲು, ತಪ್ಪಿದ್ದಲ್ಲಿ ಎಲ್ಲಿ ತಪ್ಪಿತೆಂದು ಹುಡುಕಲು ಇಂಥ ನೋಟ ಬೇಕು.

ಚಂದದ ಚಿತ್ರ, ತಪ್ಪು ಚಿತ್ರ

ಪ್ಲಗಿನ್ ಕಟ್ಟಿ ಮುಗಿಸಿದ ದಿನ ಸಂತೋಷದ ದಿನ. ಪ್ರಬಂಧ ಪ್ರಕಟವಾಗುತ್ತದೆ, ವಿದ್ಯಾರ್ಥಿಗೆ ಪದವಿ ಸಿಗುತ್ತದೆ. ತೊಡಕು ಶುರುವಾಗುವುದು ಮರುದಿನದಿಂದ. ಏಕೆಂದರೆ ಪ್ಲಗಿನ್ ಒಂಟಿಯಾಗಿ ಬದುಕುವುದಿಲ್ಲ. ಅದು ಪ್ಯಾರಾವ್ಯೂವನ್ನು ನೆಚ್ಚಿದೆ. ಪ್ಯಾರಾವ್ಯೂ ವಿಟಿಕೆಯನ್ನು ನೆಚ್ಚಿದೆ. ಅದರ ಕೆಳಗೆ ಪೈಥಾನ್, ಅದರ ಜೊತೆಗಿನ ಲೆಕ್ಕದ ಕಟ್ಟುಗಳು, ಕಡತ ಓದುವ ಕಟ್ಟುಗಳು. ಇವು ಒಂದೊಂದೂ ತಮ್ಮ ತಮ್ಮ ವೇಗದಲ್ಲಿ ಬದಲಾಗುತ್ತಿರುತ್ತವೆ. 2020ರ ಜನವರಿ 1ರಂದು ಪೈಥಾನ್‌ನ ಎರಡನೆಯ ಆವೃತ್ತಿಗೆ ಅಧಿಕೃತ ಬೆಂಬಲ ನಿಂತಿತು. ಅದಕ್ಕೆಂದು ಬರೆದ ಕ್ರಮವಿಧಿಗಳನ್ನೆಲ್ಲ ಮೂರನೆಯ ಆವೃತ್ತಿಗೆ ತಿದ್ದಿಕೊಳ್ಳಬೇಕಾಯಿತು. ತಿದ್ದುವವರಿಲ್ಲದವು ಕಾಲಕ್ರಮದಲ್ಲಿ ಮೂಲೆಗೆ ಬಿದ್ದವು. 2019ರಲ್ಲಿ ಪ್ಯಾರಾವ್ಯೂ ತನ್ನ ಕಟ್ಟೋಣದ ವ್ಯವಸ್ಥೆಯನ್ನೇ ಬದಲಿಸಿದಾಗ ಸಿ ಪ್ಲಸ್ ಪ್ಲಸ್ ಪ್ಲಗಿನ್ನುಗಳ ಒಡೆಯರಿಗೂ ಹೊಸದಾಗಿ ಕೆಲಸ ಬಿತ್ತು.

ಕೆಟ್ಟು ನಿಂತ ಪ್ಲಗಿನ್‌ನಿಂದ ಅಷ್ಟೇನೂ ಅಪಾಯವಿಲ್ಲ. ಅದು ಕೆಟ್ಟಿದೆ ಎಂದು ಗೊತ್ತಾಗುತ್ತದೆ. ನಡೆಯುತ್ತಲೇ ತಪ್ಪು ತೋರಿಸುವ ಪ್ಲಗಿನ್ ಅಪಾಯಕಾರಿ. ಕಡಲಿನ ಅಂಕಿಗಳಲ್ಲಿ ಕೆಲವರು ಆಳವನ್ನು ಧನ ಸಂಖ್ಯೆಯಾಗಿ ಬರೆಯುತ್ತಾರೆ, ಕೆಲವರು ಋಣ ಸಂಖ್ಯೆಯಾಗಿ. ಅದನ್ನು ಗಮನಿಸದಿದ್ದರೆ ತಳದ ನೀರು ಮೇಲೆ, ಮೇಲಿನ ನೀರು ತಳಕ್ಕೆ! ನೆಲವಿರುವ ಜಾಗಕ್ಕೆ ಗುರುತಾಗಿ ಒಂದು ಹುಸಿ ಸಂಖ್ಯೆ ತುಂಬಿರುತ್ತಾರೆ. ಅದನ್ನು ಉಪ್ಪಿನ ಪ್ರಮಾಣವೆಂದೇ ಎಣಿಸಿದರೆ ಸರಾಸರಿಯೆಲ್ಲ ಏರುಪೇರು. ಹೀಗಾದರೂ ಪರದೆಯ ಮೇಲೆ ಚಿತ್ರ ಚಂದವಾಗಿಯೇ ಮೂಡುತ್ತದೆ. ಬಣ್ಣಗಳಿಗೆ ನಾಚಿಕೆಯಿಲ್ಲ. ಸಣ್ಣ ತಪ್ಪಾಗಿದ್ದರೆ ಅನುಭವಿ ಕಣ್ಣನ್ನೂ ಅದು ಮೋಸಗೊಳಿಸಬಹುದು.

ಇದನ್ನು ತಡೆಯುವ ಬಗೆ ಗೊತ್ತಿಲ್ಲದ್ದೇನೂ ಅಲ್ಲ. ಉತ್ತರ ಮೊದಲೇ ತಿಳಿದಿರುವ ಚಿಕ್ಕ ಚಿಕ್ಕ ಲೆಕ್ಕಗಳನ್ನು ಪ್ಲಗಿನ್ ಜೊತೆಗೇ ಇಟ್ಟು, ಪ್ರತಿ ತಿದ್ದುಪಡಿಯ ನಂತರ ಅವನ್ನು ಓಡಿಸಿ ನೋಡಬೇಕು. ಹೊಸ ಆವೃತ್ತಿ ಬಂದಾಗ ಹಳೆಯದರ ಚಿತ್ರದೊಡನೆ ಹೋಲಿಸಬೇಕು. ಬಳಸುವವರು ಕಳಿಸುವ ದೂರುಗಳನ್ನು ಓದಿ ಉತ್ತರಿಸಬೇಕು. ಯಾವ ಸಾಲು ಏಕೆ ಬರೆದದ್ದು ಎಂದು ಮುಂದೆ ಬರುವವರಿಗೆ ತಿಳಿಯುವಂತೆ ಟಿಪ್ಪಣಿ ಇಡಬೇಕು. ಇದರಲ್ಲಿ ಕಷ್ಟದ ವಿದ್ಯೆ ಏನೂ ಇಲ್ಲ. ಬೇಕಾದ್ದು ತಾಳ್ಮೆ, ಬಿಡುವು ಮತ್ತು ಈ ಕೆಲಸಕ್ಕೆಂದೇ ಒಬ್ಬ ಮನುಷ್ಯ.

ಅಂಥ ಮನುಷ್ಯ ಸಿಗುವುದೇ ಕಷ್ಟ. ವಿಶ್ವವಿದ್ಯಾಲಯಗಳಲ್ಲಿ ಪ್ಲಗಿನ್ ಬರೆಯುವವರು ಬಹುಮಟ್ಟಿಗೆ ವಿದ್ಯಾರ್ಥಿಗಳು. ನಾಲ್ಕೈದು ವರ್ಷದಲ್ಲಿ ಅವರು ಹೊರಟುಹೋಗುತ್ತಾರೆ. ಅನುದಾನ ಸಿಗುವುದು ಹೊಸದನ್ನು ಕಂಡುಹಿಡಿಯಲು. ಇರುವುದನ್ನು ಸರಿಯಾಗಿ ಇಟ್ಟುಕೊಳ್ಳಲು ಅಲ್ಲ. ಹೊಸ ಉಪಾಯಕ್ಕೆ ಪ್ರಬಂಧವಾಗುವ ಯೋಗ್ಯತೆ ಇದೆ, ಹಳೆಯದರ ಹತ್ತು ತಪ್ಪು ತಿದ್ದಿದ್ದಕ್ಕೆ ಇಲ್ಲ. ಜಗತ್ತಿನ ಎಲ್ಲ ಕಡೆಯೂ ಮುಕ್ತ ವೈಜ್ಞಾನಿಕ ತಂತ್ರಾಂಶದ ಗೋಳು ಇದೇ.

ಹಿರಿಯರು ಮಾಡಿದ್ದ ಏರ್ಪಾಟು

ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ತುರುವೇಕೆರೆಯಂಥ ಊರುಗಳ ಸೀಮೆಯಲ್ಲಿ ಈ ಗೋಳು ಹಳೆಯ ಇನ್ನೊಂದು ಸಂಗತಿಯನ್ನು ನೆನಪಿಸುತ್ತದೆ. ಕೆರೆ ಕಟ್ಟಿಸುವುದು ಪುಣ್ಯದ ಕೆಲಸ, ಹೆಸರಿನ ಕೆಲಸ. ಅರಸರು, ದಂಡನಾಯಕರು, ಗೌಡರು, ವರ್ತಕರು, ಹೆಂಗಸರು ಕೆರೆ ಕಟ್ಟಿಸಿ ಶಾಸನ ಹಾಕಿಸಿದರು. ಆದರೆ ಕೆರೆ ಕಟ್ಟಿದ ಮರುದಿನದಿಂದಲೇ ಅದಕ್ಕೆ ಹೂಳು ಬರುತ್ತದೆ. ಏರಿಯಲ್ಲಿ ಇಲಿ, ಹೆಗ್ಗಣ ಬಿಲ ತೋಡುತ್ತವೆ, ಗಿಡದ ಬೇರು ಇಳಿಯುತ್ತದೆ, ತೂಬು ಸೋರುತ್ತದೆ, ಕೋಡಿ ಕೊಚ್ಚುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅದಕ್ಕೇ ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಸಿಗುತ್ತವೆ. ಕೆರೆಯನ್ನು ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ, ಕಾಪಾಡುವವರಿಗೆ ಅದೇ ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟುಕೊಡುವ ಏರ್ಪಾಟು ಅದು. ಹೂಳು ಸಾಗಿಸುವ ಬಂಡಿಗೆ, ಅದನ್ನು ಎಳೆಯುವ ಎತ್ತು ಕೋಣಗಳಿಗೆ, ಹೊಡೆಯುವ ಆಳಿಗೆ ಎಂದು ದತ್ತಿ ಬಿಟ್ಟ ಶಾಸನಗಳೂ ಇವೆ. ಊರಿನಲ್ಲಿ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಗದ್ದೆಗದ್ದೆಗೆ ನೀರು ಹಂಚುವುದು ಅವನ ಹೊಣೆ. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಅವನಿಗೆ. ನಿರ್ವಹಣೆಯನ್ನು ಯಾರ ಒಳ್ಳೆಯತನಕ್ಕೂ ಬಿಟ್ಟಿರಲಿಲ್ಲ. ಕೆರೆಯಿಂದ ಬರುವ ಲಾಭದಲ್ಲಿಯೇ ಕೆರೆಯ ಖರ್ಚನ್ನು ಕಟ್ಟಿಹಾಕಿದ್ದರು. ಆ ವ್ಯವಸ್ಥೆ ಸಡಿಲಿದ ಕಡೆ ಕೆರೆ ಹೂಳು ತುಂಬಿತು. ಅದು ಎಲ್ಲರಿಗೂ ಸೇರಿದ್ದು, ಆದ್ದರಿಂದ ಯಾರಿಗೂ ಸೇರಿದ್ದಲ್ಲ ಎಂಬಂತಾಯಿತು.

ಮುಕ್ತ ತಂತ್ರಾಂಶದ ಸ್ಥಿತಿಯೂ ಊರ ಕೆರೆಯದ್ದೇ. ಎಲ್ಲರೂ ನೀರು ತೆಗೆಯಬಹುದು, ಯಾರೂ ಕಾಸು ಕೊಡಬೇಕಿಲ್ಲ. ಕೊರತೆಯಿರುವುದು ಕಟ್ಟುಕೊಡಗೆಗೆ.

ಒಬ್ಬರು ಬಿಟ್ಟಾಗ ಇನ್ನೊಬ್ಬರು

ಆದರೂ ನಿರಾಶೆಯ ಕಥೆ ಮಾತ್ರ ಇಲ್ಲ. ನಕಾಶೆ ಮತ್ತು ಭೂಮಾಹಿತಿಯ ಗ್ರಾಸ್ ಎಂಬ ತಂತ್ರಾಂಶವನ್ನು ಅಮೆರಿಕದ ಸೇನೆಯ ಸಂಶೋಧನಾಲಯವೊಂದು 1982ರಲ್ಲಿ ಕಟ್ಟಲು ಆರಂಭಿಸಿತು. 1990ರ ದಶಕದ ನಡುವೆ ಆ ಸಂಶೋಧನಾಲಯ ಕೈಬಿಟ್ಟಿತು. ಅಲ್ಲಿಗೆ ಅದರ ಆಯುಸ್ಸು ಮುಗಿಯಬೇಕಿತ್ತು. ಮೂಲ ಬರಹ ಬಯಲಿನಲ್ಲೇ ಇದ್ದುದರಿಂದ ಮೊದಲು ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯದವರು, ಬಳಿಕ ಜರ್ಮನಿಯ ಮಾರ್ಕುಸ್ ನೆಟೆಲರ್ ಮತ್ತು ಸಂಗಡಿಗರು ಎತ್ತಿಕೊಂಡು ಬೆಳೆಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ ಕೆರೆ, ಕಾಡು, ಜಮೀನಿನ ಬಳಕೆಯ ಅಧ್ಯಯನಕ್ಕೆ ಅದನ್ನು ಬಳಸಿತು. ಅದರ ಮೇಲೆ ತನ್ನದೇ ಒಂದು ವ್ಯವಸ್ಥೆಯನ್ನೂ ಕಟ್ಟಿತು. ಬೀಗ ಹಾಕಿದ ತಂತ್ರಾಂಶವಾಗಿದ್ದರೆ ಒಡೆಯ ಬಿಟ್ಟ ದಿನವೇ ಅದರ ಕಥೆ ಮುಗಿಯುತ್ತಿತ್ತು.

ಪ್ಲಗಿನ್ನುಗಳಿಗೆ ಇನ್ನೊಂದು ದಾರಿಯೂ ಇದೆ. ಫ್ರಾನ್ಸಿನ ಜೂಲಿಯನ್ ಟಿಯರ್ನಿ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಟಿಟಿಕೆ ಎಂಬ ತಂತ್ರಾಂಶ ಪ್ಯಾರಾವ್ಯೂಗೆ ಪ್ಲಗಿನ್ ಆಗಿ ಬಳಕೆಗೆ ಬಂತು. ಅಂಕಿಗಳ ರಾಶಿಯಲ್ಲಿ ಬೆಟ್ಟ, ಕಣಿವೆ, ದಿಣ್ಣೆಗಳಂಥ ಆಕಾರಗಳನ್ನು ಹುಡುಕುವುದು ಅದರ ಕೆಲಸ. ಬಳಸುವವರು ಹೆಚ್ಚಿದಂತೆ, ಪ್ಯಾರಾವ್ಯೂ ತನ್ನ ಕಟ್ಟಿನಲ್ಲಿಯೇ ಅದನ್ನು ಸೇರಿಸಿ ಹಂಚತೊಡಗಿತು. ಅಂದರೆ ಮನೆಯ ಹೊರಗೆ ಚಪ್ಪರ ಹಾಕಿಕೊಂಡಿದ್ದವರಿಗೆ ಮನೆಯೊಳಗೇ ಜಾಗ ಸಿಕ್ಕಿತು. ಹೊಸ ಆವೃತ್ತಿ ಬಂದಾಗಲೆಲ್ಲ ಹೊಂದಿಕೆ ಆಗುತ್ತದೆಯೇ ಎಂದು ಒಬ್ಬರೇ ತಲೆ ಕೆಡಿಸಿಕೊಳ್ಳುವ ಹೊರೆ ಇದರಿಂದ ಹಗುರವಾಗುತ್ತದೆ.

ಹಣದ ವಿಷಯದಲ್ಲೂ ಸಣ್ಣ ಬದಲಾವಣೆ ಕಾಣುತ್ತಿದೆ. 2019ರಲ್ಲಿ ಅಮೆರಿಕದ ಚಾನ್ ಜುಕರ್‌ಬರ್ಗ್ ದತ್ತಿ ಸಂಸ್ಥೆ, ಜೀವವಿಜ್ಞಾನ ಮತ್ತು ವೈದ್ಯಕೀಯಕ್ಕೆ ನೆರವಾಗುವ ಮುಕ್ತ ತಂತ್ರಾಂಶಗಳ ನಿರ್ವಹಣೆಗೆಂದೇ ಅನುದಾನ ಕೊಡಲು ತೊಡಗಿತು. ಹೊಸದೇನು ಕಟ್ಟಿದೆ ಎಂದು ಕೇಳದೆ, ಇರುವುದನ್ನು ಹೇಗೆ ಕಾಪಾಡುವೆ ಎಂದು ಕೇಳಿದ ಅನುದಾನ ಅದು. ಕಡಲು, ಮಳೆ, ಅಂತರ್ಜಲ, ಬೆಳೆ ಇವುಗಳ ತಂತ್ರಾಂಶಕ್ಕೂ ಇಂಥ ಏರ್ಪಾಟು ಬೇಕು. ಸರ್ಕಾರದ ಹಣದಲ್ಲಿ ನಡೆಯುವ ಪ್ರತಿ ಸಂಶೋಧನಾ ಯೋಜನೆಯಲ್ಲೂ, ಯೋಜನೆ ಮುಗಿದ ನಂತರದ ಕೆಲವು ವರ್ಷಗಳ ನಿರ್ವಹಣೆಗೆ ಒಂದು ಪಾಲು ತೆಗೆದಿರಿಸಿದರೆ ಅದೇ ಇಂದಿನ ಕಟ್ಟುಕೊಡಗೆ.

ಹಣ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮುಕ್ತ ತಂತ್ರಾಂಶದ ದುರಸ್ತಿಗೆ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ತಿಪಟೂರಿನಲ್ಲಿ, ತುಮಕೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರತಿ ವರ್ಷ ಹೊಸ ಪ್ರಾಜೆಕ್ಟ್ ಮಾಡಿ, ಅಂಕ ಪಡೆದು, ಅದನ್ನು ಬೀರುವಿಗೆ ಸೇರಿಸುವುದು ರೂಢಿ. ಅದರ ಬದಲು ಬಳಕೆಯಲ್ಲಿರುವ ಒಂದು ಪ್ಲಗಿನ್ ಎತ್ತಿಕೊಂಡು, ಹೊಸ ಆವೃತ್ತಿಯಲ್ಲಿ ಅದು ನಡೆಯುತ್ತದೆಯೇ ಎಂದು ಪರೀಕ್ಷಿಸುವುದು, ಒಂದು ತಪ್ಪನ್ನು ಹುಡುಕಿ ತಿದ್ದುವುದು, ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆಯುವುದು ಇವೂ ಕಲಿಕೆಯೇ. ಇಂಥ ತಿದ್ದುಪಡಿಯನ್ನು ಯಾರು ಮಾಡಿದರು ಎಂಬುದು ಮೂಲ ಬರಹದ ಚರಿತ್ರೆಯಲ್ಲಿ ಹೆಸರು, ದಿನಾಂಕ ಸ್ಥಳದೊಡನೆ ಅಲ್ಲದಿದ್ದರೂ ಹೆಸರು, ದಿನಾಂಕದೊಡನೆ ದಾಖಲಾಗುತ್ತದೆ. ಹಿಂದೆ ಹೂಳೆತ್ತಿದ ಆಳುಗಳ ಹೆಸರನ್ನು ಶಾಸನಗಳು ಸಾಮಾನ್ಯವಾಗಿ ಬರೆದಿಡಲಿಲ್ಲ. ಈ ಒಂದು ವಿಷಯದಲ್ಲಿ ಗಣಕದ ಕಾಲ ಹೆಚ್ಚು ನ್ಯಾಯವಾಗಿದೆ.

ಅಟ್ಟದ ಮೇಲಿನ ಕಾಯಿ ಸುಮ್ಮನೆ ಕೂತಿರುತ್ತದೆ ಎಂದು ನೋಡುವವರಿಗೆ ಅನ್ನಿಸುತ್ತದೆ. ಸೋರುವ ಹೆಂಚನ್ನು ಮಳೆಗೆ ಮೊದಲು ಬದಲಿಸುವವರಿದ್ದಾರೆ, ಇಲಿ ಹೆಗ್ಗಣ ಬಾರದಂತೆ ನೋಡುವವರಿದ್ದಾರೆ, ಕೊಳೆತ ಕಾಯನ್ನು ಆರಿಸಿ ತೆಗೆಯುವವರಿದ್ದಾರೆ. ಆ ಕಾವಲು ಇದ್ದರೆ ಮಾತ್ರ ವರ್ಷದ ಕೊನೆಯಲ್ಲಿ ಕಾಯಿ ಅಲ್ಲಾಡಿಸಿದಾಗ ಗಿಟುಕಿನ ಸದ್ದು ಕೇಳುತ್ತದೆ. ಕೊಲ್ಲಿಯ ಆಳವನ್ನು ತೋರಿಸುವ ಸಣ್ಣ ತಂತ್ರಾಂಶಕ್ಕೂ ಬೇಕಾದ್ದು ಅಂಥದೇ ಕಾವಲು.